ಧರ್ಮಸ್ಥಳ ಬಸ್ಸು ಕಲಿಸುವ ಅರ್ಕಾವತ್ತು

ಆನೇಮಹಲ್‌ನಲ್ಲಿ ರಸ್ತೆ ಬದಿ ನಿಂತು ಅರ್ಧ ದಿನ ಬಸ್ಸುಗಳ ಬೋರ್ಡು ಓದಿ ನೋಡಿ. ಬೇರೇನೂ ಬೇಡ, ಬರೀ ಬೋರ್ಡು! ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಕಡೆಗೆ ಹೋಗುವ ಈ ಹೆದ್ದಾರಿಯಲ್ಲಿ ಕನ್ನಡ ಲಿಪಿಯ ಪಾಠವೆಲ್ಲ, ಒಂದನೇ ತರಗತಿಯಿಂದ ನಾಲ್ಕನೇ ತರಗತಿವರೆಗಿನದು, ಹಾರ್ನ್ ಹೊಡೆಯುತ್ತ ಓಡಾಡುತ್ತಿರುತ್ತದೆ. ಮೊದಲು ‘ಹಾಸನ’ ಬಂತು. ಮೂರೇ ಅಕ್ಷರ, ಒಂದೇ ಒಂದು ಇಳಿ. ಶಾಲೆಗೆ ಸೇರಿ ನಾಲ್ಕು ತಿಂಗಳಾದ ಮಗುವೂ ಓದಿಬಿಡುತ್ತದೆ. ಅದರ ಬೆನ್ನಿಗೇ ‘ಸಕಲೇಶಪುರ’. ಆರು ಅಕ್ಷರ, ನಡುವೆ ಒಂದು ಏತ್ವದ ದೀರ್ಘ, ಮುಂದೆ ಒಂದು ಕೊಂಬು. ಪರವಾಗಿಲ್ಲ, ಉಸಿರು ಬಿಗಿಹಿಡಿದು ದಾಟಬಹುದು. ‘ಮಂಗಳೂರು’ ಬಂದಾಗ ಸೊನ್ನೆ ಸಿಕ್ಕಿತು, ಕೊಂಬಿಗೆ ಇಳಿಯೂ ಸೇರಿತು. ಅಷ್ಟರಲ್ಲಿ ತಿರುವಿನಲ್ಲಿ ಬಂದೇಬಿಟ್ಟಿತು ನೋಡಿ, ‘ಧರ್ಮಸ್ಥಳ’!

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಗುವಿನ ಕಣ್ಣಿಗೆ ಕಾಣುವುದೇನು? ಕೆಳಗೆ ಸೀಳಿರುವ ಒಂದು ಧ. ಆಮೇಲೆ ಮ. ಆ ಮ ಅಕ್ಷರದ ಬಲಕ್ಕೆ ಕನ್ನಡದ ಒಂಬತ್ತರ ಅಂಕಿಯನ್ನೇ ಹೋಲುವ ಒಂದು ಕೊಕ್ಕೆ. ಆಮೇಲೆ ಕಾಲಡಿ ಥ ಒತ್ತು ಇಟ್ಟುಕೊಂಡ ಸ. ಕೊನೆಗೆ ಳ. ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ಕೂಡಿಸಿಕೊಂಡು ಬಂದ ಮಗು ‘ಧ... ಮ... ಒಂಬತ್ತು’ ಎಂದು ಅಪ್ಪನ ಮುಖ ನೋಡುತ್ತದೆ. ಅದು ಒಂಬತ್ತಲ್ಲ ಪುಟ್ಟಾ, ಅರ್ಕಾವತ್ತು! ಬರೆಯುವುದು ಮ ಆದ ಮೇಲೆ, ಓದುವುದು ಮ ಬರುವ ಮೊದಲು. ಹಳೆಯ ಶಾಸನಗಳಲ್ಲಿ ಅಕ್ಷರದ ತಲೆಯ ಮೇಲೆ ಕೂರುತ್ತಿದ್ದ, ದೇವನಾಗರಿಯಲ್ಲಿ ಇಂದಿಗೂ ಮೇಲೆಯೇ ಕೂತಿರುವ ಈ ರೇಫ, ಕನ್ನಡದಲ್ಲಿ ಇಳಿದು ಪಕ್ಕಕ್ಕೆ ಬಂದಿದೆ. ಹಾಗಾಗಿ ಕಣ್ಣು ಒಂದು ಹೆಜ್ಜೆ ಮುಂದೆ ಹೋಗಿ ಕೊಕ್ಕೆಯನ್ನು ಕಂಡುಕೊಂಡು, ಹಿಂದಕ್ಕೆ ಬಂದು, ‘ರ್’ ಅನ್ನು ಮೊದಲು ಹೇಳಿ, ಆಮೇಲೆ ‘ಮ’ ಹೇಳಬೇಕು. ಇಷ್ಟೂ ಕೆಲಸ ಬಸ್ಸು ತಿರುವು ದಾಟುವುದರೊಳಗೆ ಆಗಬೇಕು. ಏಳೆಂಟು ವರ್ಷದ ಮಗು ಇದನ್ನು ಮಾಡಿ ಮುಗಿಸುತ್ತದೆ!

ಇನ್ನೂ ಇದೆ. ಅದೇ ದಾರಿಯಲ್ಲಿ ಗುಂಡ್ಯದ ಕಡೆ ಇಳಿಯುವ ‘ಸುಬ್ರಹ್ಮಣ್ಯ’ ಬಸ್ಸು. ನಾಲ್ಕೇ ಅಕ್ಷರ, ಅದರಲ್ಲಿ ಮೂರಕ್ಕೆ ಒತ್ತು. ಬೋರ್ಡಿನಲ್ಲಿ ಹ ಮೇಲೆ, ಮ ಕೆಳಗೆ. ನಮ್ಮ ಬಾಯಲ್ಲಿ ಮಾತ್ರ ಮ ಮೊದಲು, ಹ ಆಮೇಲೆ. ಬರೆದದ್ದನ್ನು ಬರೆದ ಹಾಗೆಯೇ ಓದುವುದು ಕನ್ನಡ ಎಂದು ಮೇಷ್ಟ್ರು ಹೇಳಿಕೊಟ್ಟದ್ದನ್ನು ಈ ಕೆಂಪು ಬಸ್ಸು ಸದ್ದಿಲ್ಲದೆ ತಿದ್ದಿ ಹೋಗುತ್ತದೆ. ದೊಡ್ಡವರಾದ ನಮಗೆ ಇದ್ಯಾವುದೂ ಕಾಣುವುದಿಲ್ಲ, ಏಕೆಂದರೆ ನಾವು ಓದಲು ಕಲಿತು ಆಗಿದೆ. ಕಲಿತದ್ದು ಹೇಗೆ ಎಂಬುದು ಮರೆತೂ ಆಗಿದೆ. ಆ ಮರೆತ ವರ್ಷಗಳನ್ನು ಕೆದಕಿದರೆ ಸಿಗುವುದು ಒಂದಕ್ಕಿಂತ ಒಂದು ಬೆರಗು.

ತಲೆಯೊಳಗೆ ಓದಿಗೆ ಜಾಗವೇ ಇರಲಿಲ್ಲ

ಮೊದಲನೆಯ ಬೆರಗು ಇದು: ಮನುಷ್ಯನ ಮಿದುಳಿನಲ್ಲಿ ಓದುವುದಕ್ಕೆಂದು ಹುಟ್ಟಿನಿಂದ ಮೀಸಲಾದ ಜಾಗ ಇಲ್ಲ. ಮಾತಿಗೆ ಇದೆ, ಮುಖ ಗುರುತಿಸುವುದಕ್ಕೆ ಇದೆ, ಓದಿಗೆ ಇಲ್ಲ. ಬರವಣಿಗೆ ಹುಟ್ಟಿದ್ದು ಸುಮಾರು 5,000 ವರ್ಷಗಳ ಹಿಂದೆ, ಮೆಸೊಪೊಟೇಮಿಯಾದ ಮಣ್ಣಿನ ಹಲಗೆಗಳ ಮೇಲೆ. ಮನುಷ್ಯನ ವಯಸ್ಸಾದರೋ ಲಕ್ಷಗಟ್ಟಲೆ ವರ್ಷ. ಅದಕ್ಕೊಂದು ಹೊಸ ಅಂಗ ಬೆಳೆಯುವಷ್ಟು ಕಾಲವೇ ಆಗಿಲ್ಲ! ಹಾಗಾದರೆ ನಾವು ಓದುವುದು ಯಾವುದರಿಂದ?

ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹೇನ್ ಕೊಟ್ಟ ಉತ್ತರ ಬಹಳ ಹೆಸರಾಗಿದೆ. ಎಡ ಕಿವಿಯ ಹಿಂಬದಿಗೆ, ಮಿದುಳಿನ ಕೆಳಭಾಗದಲ್ಲಿ, ವಸ್ತುಗಳ ಆಕಾರ ಗುರುತಿಸುವ ಒಂದು ಪಟ್ಟಿ ಇದೆ. ಓದಲು ಕಲಿಯುವ ಮಗು ಆ ಹಳೆಯ ಜಾಗದ ಒಂದು ತುಂಡನ್ನು ಅಕ್ಷರಕ್ಕೆಂದು ಪಳಗಿಸಿಕೊಳ್ಳುತ್ತದೆ. ಚೀನೀ ಓದುವವರಲ್ಲೂ ಹೀಬ್ರೂ ಓದುವವರಲ್ಲೂ ಇಂಗ್ಲಿಷ್ ಓದುವವರಲ್ಲೂ ಹೆಚ್ಚುಕಡಿಮೆ ಅದೇ ತುಂಡು! 2006ರಲ್ಲಿ ಮಾರ್ಕ್ ಚಾಂಗಿಜಿ ಮತ್ತು ಸಂಗಡಿಗರು ಲೋಕದ ಹತ್ತಾರು ಲಿಪಿಗಳನ್ನು ಹರಡಿಕೊಂಡು ಕೂತು ಇನ್ನೊಂದು ಸೋಜಿಗ ಹೊರತೆಗೆದರು. ಗೆರೆ ಗೆರೆ ಕೂಡುವ ರೀತಿಗಳಲ್ಲಿ ಯಾವುವು ಕಾಡು, ಕಲ್ಲು, ಕೊಂಬೆಗಳ ನೋಟದಲ್ಲಿ ಹೆಚ್ಚಾಗಿ ಕಾಣುತ್ತವೋ ಅವೇ ಲಿಪಿಗಳಲ್ಲೂ ಹೆಚ್ಚಾಗಿ ಕಾಣುತ್ತವೆ. ಅಂದರೆ ಮನುಷ್ಯ ತನ್ನ ಕಣ್ಣಿಗೆ ಮೊದಲೇ ಒಗ್ಗಿದ್ದ ಆಕಾರಗಳನ್ನೇ ಹೆಕ್ಕಿ ಅಕ್ಷರ ಮಾಡಿಕೊಂಡ.

ಇದನ್ನು ಆನೇಮಹಲ್ ಸುತ್ತಿನ ತೋಟದಲ್ಲಿ ಬೆಳೆಯುವ ಮಗುವಿಗೆ ಹೊಂದಿಸಿ ನೋಡಿ. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅದು ಕೆಸರಿನಲ್ಲಿ ಮೂಡಿದ ಗುಂಡನೆಯ ಹೆಜ್ಜೆ ನೋಡಿ ರಾತ್ರಿ ಯಾರು ಬಂದಿದ್ದರು ಎಂದು ಹೇಳಬಲ್ಲದು. ಆನೆಯ ಲದ್ದಿ ಹಸಿಯೋ ಒಣಗಿದ್ದೋ, ಬೈನೆ ಮರ ಉರುಳಿದ್ದು ಯಾವ ಕಡೆಗೆ, ಕಾಫಿ ಗಿಡ ಮುರಿದದ್ದು ಯಾವ ಸಾಲಿನಲ್ಲಿ, ಎಲ್ಲವೂ ಅದಕ್ಕೆ ಗೊತ್ತು. ಆಕಾರ ನೋಡಿ ಅರ್ಥ ಹೇಳುವ ವಿದ್ಯೆ ಅದಕ್ಕೆ ಬಂದಿರುತ್ತದೆ. ಶಾಲೆ ಆ ವಿದ್ಯೆಯನ್ನು ಕಾಗದಕ್ಕೆ ತಿರುಗಿಸುತ್ತದೆ, ಅಷ್ಟೇ.

ಇದರಲ್ಲೇ ಒಂದು ತೊಡಕೂ ಅಡಗಿದೆ. ಆನೆ ಎಡಕ್ಕೆ ಮುಖ ಮಾಡಿ ನಿಂತರೂ ಆನೆ, ಬಲಕ್ಕೆ ಮುಖ ಮಾಡಿ ನಿಂತರೂ ಆನೆ. ಜೀವ ಉಳಿಸಿಕೊಳ್ಳಬೇಕಾದ ಮಿದುಳು ಈ ಎರಡು ನೋಟಗಳನ್ನು ಒಂದೇ ಎಂದು ತಿಳಿಯುವಂತೆ ತಯಾರಾಗಿದೆ. ಅಕ್ಷರದ ವಿಷಯ ಹಾಗಲ್ಲ, ತಿರುಗಿಸಿದರೆ ಕೆಟ್ಟಿತು. ಆದ್ದರಿಂದಲೇ ಐದಾರು ವರ್ಷದ ಮಕ್ಕಳು ಅಕ್ಷರವನ್ನೂ ಅಂಕಿಯನ್ನೂ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಬರೆಯುತ್ತವೆ, ಅದೂ ಯಾವ ದೇಶದ ಮಕ್ಕಳಾದರೂ! ಅದು ದಡ್ಡತನ ಎಂದು ಕಿವಿ ಹಿಂಡಿಸಿಕೊಂಡವರೆಲ್ಲ ಈಗ ತಲೆ ಎತ್ತಿ ಓಡಾಡಬಹುದು.

49, ಅಲ್ಲಿಂದ 510, ಅಲ್ಲಿಂದಾಚೆಗೆ ಲೆಕ್ಕವಿಲ್ಲ

ಇನ್ನು ಕನ್ನಡದ ಮಗು ಹೊತ್ತುಕೊಳ್ಳುವ ಹೊರೆ ನೋಡಿ. ಇಂಗ್ಲಿಷಿನ ಮಗುವಿಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿದರೆ ಎರಡರಷ್ಟು. ನಮ್ಮ ಮಗುವಿಗೆ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಅಲ್ಲಿಗೆ ಮುಗಿಯಿತೇ? ಈಗ ಶುರು! ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಇಡೀ ತರಗತಿ ಹೆಂಚು ಹಾರುವಂತೆ ಕೂಗುತ್ತಿದ್ದದ್ದು ಯಾರಿಗೆ ನೆನಪಿಲ್ಲ? ಗುಡಿಸಿನ ದೀರ್ಘ, ಕೊಂಬು, ವಟ್ರಸುಳಿ, ಏತ್ವ, ಐತ್ವ, ಓತ್ವ. ಹೊರಗೆ ಆಷಾಢದ ಮಳೆ ಹೆಂಚಿನ ಮೇಲೆ ಬಡಿಯುತ್ತಿದ್ದರೆ ಅದನ್ನು ಮೀರಿಸುವಂತೆ ಒಳಗೆ ಕಾಗುಣಿತ. 34 ವ್ಯಂಜನಕ್ಕೆ 15ರಂತೆ 510 ರೂಪ. ಅದರ ಮೇಲೆ ಒತ್ತಕ್ಷರ. ಒತ್ತಕ್ಷರದಲ್ಲೂ ತ, ನ, ಮ, ಯ, ರ, ಲ ಒತ್ತುಗಳಿಗೆ ಮೂಲ ಅಕ್ಷರದ ಮುಖ ಹೋಲಿಕೆಯೇ ಇಲ್ಲ, ಒಂದೊಂದಕ್ಕೂ ಬೇರೆಯೇ ವೇಷ!

ಸಾಲದ್ದಕ್ಕೆ ಒಂದನ್ನೊಂದು ಹೋಲುವ ಅವಳಿಗಳು. ದ, ಥ, ಧ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ: ಒಂದಕ್ಕೆ ಏನೂ ಇಲ್ಲ, ಒಂದರ ಹೊಟ್ಟೆಯಲ್ಲಿ ಚುಕ್ಕೆ, ಕೆಳಗೆ ಸೀಳೂ, ಇನ್ನೊಂದರ ಕೆಳಗೆ ಬರೀ ಸೀಳು. ಘ ಮತ್ತು ಫ ಎದುರಾದರೆ ದೊಡ್ಡವರೂ ಒಂದು ಕ್ಷಣ ತಡವರಿಸುತ್ತಾರೆ. ಅಕ್ಕಿಕಾಳಿನಷ್ಟು ಗೆರೆಯಲ್ಲಿ ಅರ್ಥವೆಲ್ಲ ತಿರುಗಿ ಕೂರುತ್ತದೆ.

ಇಷ್ಟನ್ನೂ ಅರಗಿಸಿಕೊಳ್ಳಲು ಎಷ್ಟು ಕಾಲ ಬೇಕು? ಬೆಂಗಳೂರಿನ ಮನೋವಿಜ್ಞಾನಿ ಸೋನಾಲಿ ನಾಗ್ ಕನ್ನಡ ಶಾಲೆಯ ಮಕ್ಕಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಇಂಗ್ಲಿಷ್ ಮಕ್ಕಳು ಅಕ್ಷರ ಗುರುತಿಸುವುದನ್ನು ಒಂದೆರಡು ವರ್ಷದಲ್ಲಿ ಮುಗಿಸಿದರೆ, ಕನ್ನಡದ ಮಕ್ಕಳಲ್ಲಿ ಅಕ್ಷರಜ್ಞಾನ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ಅವರು ಕಂಡುಕೊಂಡರು. ನಾಲ್ಕು ವರ್ಷ! ಒಂದನೇ ತರಗತಿಯ ಕೊನೆಗೆ ‘ಇನ್ನೂ ಸರಾಗ ಓದಲ್ಲ’ ಎಂದು ಮಗುವಿನ ಎದುರಿಗೇ ನಿಟ್ಟುಸಿರು ಬಿಡುವ ನಾವು ಈ ಒಂದು ಸಂಗತಿಯನ್ನು ಮನೆಯ ಗೋಡೆಗೆ ಅಂಟಿಸಿಕೊಳ್ಳಬೇಕು.

ಐದೇ ಅಕ್ಷರದಲ್ಲಿ ಅರಸ, ಅಗಸ, ಗರಗಸ

ನಮ್ಮ ವರ್ಣಮಾಲೆಯ ಸಾಲು ಧ್ವನಿಶಾಸ್ತ್ರದ ಮೇರುಕೃತಿ. ಕ ವರ್ಗ ಗಂಟಲಲ್ಲಿ ಹುಟ್ಟಿ, ಚ ವರ್ಗ ಅಂಗುಳಕ್ಕೆ ಬಂದು, ಟ, ತ ದಾಟಿ, ಪ ವರ್ಗಕ್ಕೆ ತುಟಿಯಲ್ಲಿ ಬಂದು ನಿಲ್ಲುತ್ತದೆ. ಕಿವಿಗೆ ಇದಕ್ಕಿಂತ ಒಳ್ಳೆಯ ಸಾಲು ಇಲ್ಲ. ಕೈಗೆ? ಪುಟ್ಟ ಕೈ ಮೊಟ್ಟಮೊದಲ ದಿನವೇ ಅ, ಆ, ಇ, ಈ ಎಂಬ ಸುಳಿಗಳೊಂದಿಗೆ ಸೆಣಸಬೇಕು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ‘ನಲಿ-ಕಲಿ’ ಶುರುವಾದಾಗ ಈ ಸಾಲನ್ನೇ ಬದಲಿಸಿಬಿಟ್ಟರು. ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದು ರೂಪಿಸಿದ ಈ ಪದ್ಧತಿ 2009–10ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಇದರಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಬರೆಯಲು ಸುಲಭವಾದ, ಒಂದರ ತಿರುವು ಇನ್ನೊಂದಕ್ಕೆ ನೆರವಾಗುವ ಐದು ಅಕ್ಷರ. ಆಮೇಲೆ ಜ, ವ, ಮ, ಬ, ನ.

ಐದೇ ಅಕ್ಷರದಿಂದ ಏನಾಗುತ್ತದೆ ಎನ್ನಬೇಡಿ. ಒಂದು ಪೆನ್ಸಿಲ್ ಹಿಡಿದು ಕೂತು ನೀವೇ ಜೋಡಿಸಿ. ರಸ, ಸರ, ದರ, ಅಗಸ, ಅರಸ, ಸರಸ, ಗರಗಸ, ಸರಸರ, ದರದರ, ಗದಗ! ಒಂದು ಇಳಿ ಇಲ್ಲ, ಗುಡಿಸು ಇಲ್ಲ, ಒತ್ತು ಇಲ್ಲ. ಒಬ್ಬ ರಾಜ, ಒಂದು ಹತಾರ, ಒಂದು ಜಿಲ್ಲಾ ಕೇಂದ್ರ ಆಗಲೇ ಕೈಗೆ ಬಂದವು. ‘ಅರಸರ ಸರ’ ಎಂದು ಎರಡು ಪದ ಕೂಡಿಸಿ ಓದಿದ ಮಗುವಿನ ಮುಖ ನೋಡಬೇಕು. ಗೆರೆಗಳ ಒಳಗಿನಿಂದ ಒಬ್ಬ ಅರಸ ಕತ್ತಿಗೆ ಸರ ಹಾಕಿಕೊಂಡು ಎದ್ದು ಬಂದಿದ್ದಾನೆ!

ಅದೇ ಅರಸ, 1,500 ವರ್ಷದ ಹಿಂದೆ

ಈಗ ಉಸಿರು ಬಿಗಿಹಿಡಿಯಿರಿ. ಹಳೆಯ ಪಾಠದಲ್ಲೂ ಅ ಎಂದರೆ ಅರಸ, ಹೊಸ ಪಾಠದಲ್ಲೂ ಮಗುವಿಗೆ ಮೊದಲು ಸಿಗುವವರಲ್ಲಿ ಒಬ್ಬ ಅರಸ. ಸಕಲೇಶಪುರಕ್ಕೆ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಿ. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಲ್ಲಿ ಬೆಳಕಿಗೆ ತಂದ ಕಲ್ಲಿನ ಮೇಲೆ 16 ಸಾಲುಗಳಿದ್ದವು. ಕ್ರಿ.ಶ. 450ರ ಸುಮಾರಿನದು, ಕದಂಬರ ಕಾಲದ್ದು. ಯುದ್ಧದಲ್ಲಿ ಪರಾಕ್ರಮ ತೋರಿದವನೊಬ್ಬನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ದತ್ತಿ ಕೊಟ್ಟ ವಿಷಯ ಅದರಲ್ಲಿದೆ. ಆ ವೀರನ ಹೆಸರು? ವಿಜ ಅರಸ!

ಹಾಸನ ಜಿಲ್ಲೆಯ ಒಂದನೇ ತರಗತಿಯ ಮಗು ಸ್ಲೇಟಿನ ಮೇಲೆ ಕೂಡಿಸಿ ಓದುವ ಪದವನ್ನು ಅದೇ ಜಿಲ್ಲೆಯಲ್ಲಿ ಯಾರೋ ಒಬ್ಬ ಸುಮಾರು 1,575 ವರ್ಷದ ಹಿಂದೆ ಕಲ್ಲಿಗೆ ಉಳಿ ಇಟ್ಟು ಕೊರೆದಿದ್ದ. ಅಕ್ಷರದ ರೂಪ ಬದಲಾಗಿದೆ. ಅಂದಿನ ಬ್ರಾಹ್ಮಿ ಮೂಲದ ಅಕ್ಷರಗಳು ಕಲ್ಲಿನಿಂದ ಓಲೆಗರಿಗೆ, ಓಲೆಯಿಂದ ಕಾಗದಕ್ಕೆ ಬರುತ್ತ ದುಂಡಗಾದವು. ನೇರ ಗೆರೆ ಎಳೆದರೆ ಬರೆಯುವ ಕಂಟಕ್ಕೆ ಗರಿ ಸೀಳುತ್ತದೆ, ದುಂಡಗೆ ಬರೆದರೆ ಉಳಿಯುತ್ತದೆ. ಪದ ಮಾತ್ರ ಅದೇ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಈಚೆಗೆ ಸಿಕ್ಕ ಸಿಂಹಕಟಾಂಜನ ಶಾಸನ ಹಲ್ಮಿಡಿಗಿಂತಲೂ ಹಳೆಯದು ಎನ್ನುತ್ತಾರೆ. ಇರಲಿ. ಓದಲು ಕಲಿಯುವ ಮಗುವಿಗೆ ಹಲ್ಮಿಡಿಯಷ್ಟು ಹತ್ತಿರದ ನೆಂಟ ಇನ್ನೊಬ್ಬನಿಲ್ಲ.

ಸ್ಲೇಟಿಗೆ ಗೊತ್ತಿದ್ದ ಗುಟ್ಟು

ಸ್ಲೇಟು, ಬಳಪ. ಗೋಡೆಯ ಬುಡದಲ್ಲಿ ಮಳೆಗಾಲಕ್ಕೆ ಏಳುವ, ದಂಟಿನ ತುಂಬ ನೀರಿರುವ ಪುಟ್ಟ ಗಿಡವನ್ನು ಕಿತ್ತು ಸ್ಲೇಟು ಒರೆಸುತ್ತಿದ್ದದ್ದು ಮಲೆನಾಡಿನಲ್ಲಿ ಓದಿದವರಿಗೆ ಇಂದಿಗೂ ಮೂಗಿಗೆ ನೆನಪಿದೆ. ಅದಕ್ಕೂ ಹಿಂದಿನವರದು ಮರಳು. ಮೇಷ್ಟ್ರು ಮರಳಿನ ಮೇಲೆ ಬರೆದು ಕೊಡುತ್ತಿದ್ದರು, ಮಗು ಅದರ ಮೇಲೆ ಬೆರಳಾಡಿಸಿ ತಿದ್ದುತ್ತಿತ್ತು. ಉಗುರು ಸವೆದು ಬೆರಳು ಉರಿದ ಕತೆಯನ್ನು ನಮ್ಮ ಅಜ್ಜಂದಿರು ಪದಕ ತೋರಿಸಿದಂತೆ ಹೇಳುತ್ತಿದ್ದರು.

ಈ ಹಳೆಯ ಅಭ್ಯಾಸಕ್ಕೆ 2012ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಸಾಕ್ಷಿ ಬಂತು! ಕರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರ ಕಲಿಸಿದರು. ಕೆಲವನ್ನು ಕೈಯಾರೆ ಬರೆಸಿದರು, ಕೆಲವನ್ನು ಗೆರೆಯ ಮೇಲೆ ತಿದ್ದಿಸಿದರು, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿದರು. ಆಮೇಲೆ ಮಿದುಳಿನ ಚಿತ್ರ ತೆಗೆದರು. ಓದಿಗೆ ಬೇಕಾದ ಜಾಗಗಳು ಎದ್ದು ಕೂತದ್ದು ತಾವೇ ಬರೆದ ಅಕ್ಷರ ನೋಡಿದಾಗ. ಸೊಟ್ಟಪಟ್ಟ ಬರೆದ ಅಕ್ಷರ! ಒಂದು ಸಲ ದಪ್ಪ, ಒಂದು ಸಲ ಸಣ್ಣ, ಒಂದು ಸಲ ಓರೆ. ಇಷ್ಟು ವೇಷದಲ್ಲೂ ಇದು ಅದೇ ಅಕ್ಷರ ಎಂದು ಮಿದುಳು ಕಲಿಯುವುದು ಆ ಸೊಟ್ಟತನದಿಂದಲೇ ಎಂಬುದು ಅವರ ವಿವರಣೆ. ಅಚ್ಚಿನಂತೆ ಬರೆಯಲಿಲ್ಲ ಎಂದು ಪುಟ ಹರಿಯುವ ತಂದೆತಾಯಿ ಇದನ್ನು ಎರಡು ಸಲ ಓದಬೇಕು.

ಆರು ತಿಂಗಳ ಷರತ್ತು

ಆನೇಮಹಲ್ ಸುತ್ತಿನ ಯಾವುದೇ ಶಾಲೆಯಲ್ಲಿ ಮಕ್ಕಳ ಮನೆಮಾತು ಕೇಳಿ ನೋಡಿ. ಕನ್ನಡ, ತುಳು, ಬ್ಯಾರಿ, ಕೊಂಕಣಿ, ತಮಿಳು, ಉರ್ದು, ಈಚೆಗೆ ತೋಟದ ಕೆಲಸಕ್ಕೆ ಬಂದವರ ಅಸ್ಸಾಮಿ. ಮನೆಯಲ್ಲಿ ಒಂದು ಭಾಷೆ, ಹಲಗೆಯ ಮೇಲೆ ಇನ್ನೊಂದು. ಇಂಥ ಮಗುವಿಗೆ ಓದು ಕಲಿಯುವುದು ಎಂದರೆ ಎರಡು ಬೆಟ್ಟ ಒಟ್ಟಿಗೇ ಹತ್ತಿದ ಹಾಗೆ.

ಹಾಸನದಲ್ಲಿ 1948ರಲ್ಲಿ ಹುಟ್ಟಿದ ಒಬ್ಬ ಹುಡುಗಿಯ ಕತೆ ಇದೇ. ಎಂಟನೇ ವಯಸ್ಸಿನಲ್ಲಿ ಅವಳನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡದ್ದು ಒಂದು ಷರತ್ತಿನ ಮೇಲೆ: ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಬರಬೇಕು. ಆರು ತಿಂಗಳು ಯಾರಿಗೆ ಬೇಕು? ಕೆಲವೇ ದಿನಗಳಲ್ಲಿ ಅವಳು ಬರೆಯತೊಡಗಿದಳು! ಆ ಬರವಣಿಗೆ ಮುಂದೆ ‘ಲಂಕೇಶ್ ಪತ್ರಿಕೆ’ಯ ವರದಿಯಾಯಿತು, ಬಂಡಾಯದ ಕತೆಯಾಯಿತು. ಆ ಕತೆಗಳಲ್ಲಿ ಹನ್ನೆರಡನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. 2025ರ ಮೇ 20ರಂದು ಲಂಡನ್ನಿನಲ್ಲಿ ಆ ಸಂಕಲನಕ್ಕೆ, ಅದೇ ಹುಡುಗಿ ಬಾನು ಮುಷ್ತಾಕ್ ಅವರ ಕೈಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದೇ ಮೊದಲು, ಆ ಪ್ರಶಸ್ತಿ ಪಡೆದ ಮೊದಲ ಕಥಾಸಂಕಲನವೂ ಅದೇ.

ಎಂಟು ವರ್ಷಕ್ಕೆ ಕಲಿತರೆ ತಡವೇ? ಮೂವತ್ತಕ್ಕೆ ಕಲಿತರೂ ತಡವಲ್ಲ. ಲಖನೌ ಬಳಿಯ ಹಳ್ಳಿಗಳಲ್ಲಿ ಅಕ್ಷರ ಗೊತ್ತಿಲ್ಲದ ವಯಸ್ಕರಿಗೆ, ಅವರಲ್ಲಿ ಹೆಚ್ಚಿನವರು ಮಹಿಳೆಯರು, ಆರು ತಿಂಗಳು ದೇವನಾಗರಿ ಕಲಿಸಿ ಅವರ ಮಿದುಳನ್ನು ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮಿದುಳಿನ ಮೇಲ್ಪದರದಲ್ಲಷ್ಟೇ ಬದಲಾವಣೆ ಕಂಡೀತು ಎಂದುಕೊಂಡಿದ್ದವರಿಗೆ ಆಳದ ಥಲಾಮಸ್, ಮಿದುಳುಕಾಂಡದ ಭಾಗಗಳೂ ಹೊಸ ಹೊಂದಾಣಿಕೆಗೆ ಇಳಿದದ್ದು ಕಂಡು ಅಚ್ಚರಿಯಾಯಿತು. ಮನೆಯಲ್ಲಿ ಹೆಬ್ಬೆಟ್ಟು ಒತ್ತುವ ಅಜ್ಜಿ ಇದ್ದರೆ ಮೊಮ್ಮಗುವಿನ ಪಕ್ಕ ಕೂರಿಸಿ.

ಆ ಎಂದರೆ ಆನೆ, ನಿಜವಾಗಿಯೂ

ಎಲ್ಲ ಕನ್ನಡ ಮಕ್ಕಳಿಗೂ ಆ ಎಂದರೆ ಆನೆ. ಆಲೂರು, ಸಕಲೇಶಪುರದ ಮಕ್ಕಳಿಗೆ ಮಾತ್ರ ಆ ಆನೆ ಪುಸ್ತಕದಿಂದ ಇಳಿದು ತೋಟದ ಬೇಲಿ ಮುರಿದುಕೊಂಡು ಬರುತ್ತದೆ. ಆನೆ ಮತ್ತು ಮನುಷ್ಯರ ಸಂಘರ್ಷಕ್ಕೆ ರಾಜ್ಯದಲ್ಲೇ ಹೆಸರಾದ ಸೀಮೆ ಇದು. ಆನೆ ಹಿಂಡು ಎಲ್ಲಿದೆ ಎಂಬ ಸುದ್ದಿ ಈಗ ಇಲ್ಲಿನವರ ಮೊಬೈಲಿಗೆ ಕನ್ನಡ ಸಂದೇಶವಾಗಿ ಬರುತ್ತದೆ. ಕೆಲವು ರಸ್ತೆಗಳ ಬದಿಯಲ್ಲಿ ಮಿನುಗುವ ಫಲಕಗಳೂ ಎಚ್ಚರಿಸುತ್ತವೆ. ಅಪ್ಪನ ಮೊಬೈಲಿಗೆ ಬಂದ ಸಂದೇಶವನ್ನು ನಾಲ್ಕನೇ ತರಗತಿಯ ಮಗಳು ಗಟ್ಟಿಯಾಗಿ ಓದಿ ಹೇಳಿದರೆ ಮನೆಯವರು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ. ಅಕ್ಷರ ಜೀವ ಉಳಿಸುತ್ತದೆ ಎಂಬುದು ಇಲ್ಲಿ ಭಾಷಣದ ಮಾತಲ್ಲ, ದಿನದ ವ್ಯವಹಾರ.

ಇಷ್ಟೆಲ್ಲ ಬೆರಗಿನಿಂದ ಮನೆಗೆ ಕೊಂಡೊಯ್ಯಬೇಕಾದದ್ದು ಮೂರೇ ಮಾತು. ಕನ್ನಡ ಓದು ಕುದುರಲು ನಾಲ್ಕು ವರ್ಷ ಬೇಕು, ಅವಸರ ಮಾಡಬೇಡಿ. ಸೊಟ್ಟ ಬರೆದರೆ ಬರೆಯಲಿ, ತಿರುಗಿಸಿ ಬರೆದರೂ ಗದರಬೇಡಿ. ಮತ್ತು ಓದಲು ಏನಾದರೂ ಕೊಡಿ. ಪಠ್ಯಪುಸ್ತಕ ಒಂದೇ ಸಾಲದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಈ ಭಾನುವಾರದೊಳಗೆ ನಿಮ್ಮ ಪಂಚಾಯಿತಿಯ ಅರಿವು ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ, ಮಗುವಿನ ಹೆಸರು ಬರೆಸಿ ಬನ್ನಿ.